ಮೋಡೆಂ ತೋರಿಸುವ ಅಂಕಿ, ಕೈಗೆ ಸಿಗುವ ವೇಗ
(ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್ ಸೇರುತ್ತಿದ್ದ ಕಾಲದ ಪ್ರಶ್ನೋತ್ತರ)

ಪ್ರಶ್ನೆ: ಇಂಟರ್ನೆಟ್ ಕನೆಕ್ಟ್ ಆದಾಗ 1,15,200 ಬಿಪಿಎಸ್ (ಸೆಕೆಂಡಿಗೆ ಇಷ್ಟು ಬಿಟ್) ಎಂದು ಬರುತ್ತದೆ. ಫೈಲು ಇಳಿಯುವುದು ಮಾತ್ರ ಸೆಕೆಂಡಿಗೆ ಮೂರೂವರೆ ಕಿಲೋಬೈಟ್. ಮೋಡೆಂ ಕೆಟ್ಟಿದೆಯೇ?
– ಓದುಗರು, ಸಕಲೇಶಪುರ

ಉತ್ತರ: ಕೆಟ್ಟಿಲ್ಲ. ಆ ಅಂಕಿ ಫೋನ್ ಲೈನಿನದೇ ಅಲ್ಲ. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೂ (ಮೋಡೆಂ ಸಿಕ್ಕಿಸುವ ಕಿಂಡಿ) ಮೋಡೆಂಗೂ ನಡುವಿನ ವೇಗ. ಲೈನಿನ ವೇಗ ಕಾಣಬೇಕಾದರೆ ಕಂಟ್ರೋಲ್ ಪ್ಯಾನೆಲ್‌ನ ಮೋಡೆಂ ಪ್ರಾಪರ್ಟೀಸ್‌ನಲ್ಲಿ ಕನೆಕ್ಷನ್, ಅಡ್ವಾನ್ಸ್‌ಡ್ ಒತ್ತಿ, ‘ಎಕ್ಸ್‌ಟ್ರಾ ಸೆಟ್ಟಿಂಗ್ಸ್’ ಜಾಗದಲ್ಲಿ ಡಬ್ಲ್ಯೂ2 (W2) ಎಂದು ಟೈಪ್ ಮಾಡಿ. ಇದು ರಾಕ್‌ವೆಲ್ ಚಿಪ್ಪಿನ ಮೋಡೆಂಗಳಿಗೆ. ಬೇರೆಯವಕ್ಕೆ ಕೈಪಿಡಿ ನೋಡಬೇಕು.

ನಿಮ್ಮ ಲೆಕ್ಕ ನೋಡಿದರೆ ಲೈನು 31,200ರ ಆಸುಪಾಸಿನಲ್ಲಿರಬೇಕು. ಎಂಟು ಬಿಟ್‌ಗೆ ಒಂದು ಬೈಟ್, 8ರಿಂದ ಭಾಗಿಸಿದರೆ 3,900 ಬೈಟ್. ಪಿಪಿಪಿ, ಟಿಸಿಪಿ/ಐಪಿ ಹೆಡರುಗಳ (ಫೈಲಿನ ಪ್ರತಿ ತುಂಡಿಗೂ ಅಂಟಿಸುವ ವಿಳಾಸಚೀಟಿಗಳ) ಪಾಲು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ನಿಮಗೆ ಸಿಗುತ್ತಿರುವಷ್ಟೇ. ಅಳೆಯುವಾಗ ಜಿಪ್ ಫೈಲನ್ನೇ ಇಳಿಸಿ. ಬರೀ ಅಕ್ಷರಗಳ ಪುಟವನ್ನು ಮೋಡೆಂಗಳ ವಿ.42ಬಿಸ್ ಎಂಬ ವಿಧಾನ ಕುಗ್ಗಿಸಿ ಕಳಿಸುವುದರಿಂದ ಅದು ಲೈನಿನ ವೇಗಕ್ಕಿಂತ ಬೇಗ ಬಂದಂತೆ ಕಾಣುತ್ತದೆ. ಜಿಪ್, ಜೆಪೆಗ್ ಮೊದಲೇ ಕುಗ್ಗಿದವು. ಕುಗ್ಗಿ ಬಂದ ಅಕ್ಷರಗಳನ್ನು ಮೋಡೆಂ ಬಿಚ್ಚಿದಾಗ ಪೋರ್ಟಿಗೆ ಲೈನಿಗಿಂತ ಹೆಚ್ಚು ವೇಗ ಬೇಕು. ಈ ಕಾರಣಕ್ಕೇ ಪೋರ್ಟಿನ ವೇಗವನ್ನು 1,15,200ರಲ್ಲೇ ಬಿಡಿ, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಒಂದು ಕಡೆ ತುಂಬಿದಾಗ ಇನ್ನೊಂದನ್ನು ತಡೆದು ನಿಲ್ಲಿಸುವ ಏರ್ಪಾಟು) ಆನ್ ಇರಲಿ.

ಪ್ರಶ್ನೆ: 46,667 ಎಂದು ತೋರಿಸುತ್ತದೆ. ಆದರೂ ಫೈಲು ನಿಂತು ನಿಂತು ಇಳಿಯುತ್ತದೆ, ಮಳೆ ಹಿಡಿದರೆ ಲೈನೇ ಕಟ್.
– ಓದುಗರು, ಮೂಡಿಗೆರೆ

ಉತ್ತರ: ಮೋಡೆಂ ಕಿರುಚುವ ಆ ಕೆಲವು ಸೆಕೆಂಡುಗಳಲ್ಲಿ ಎರಡೂ ಕಡೆಯವು ತಮಗೆ ಯಾವ ವಿಧಾನಗಳು ಗೊತ್ತೆಂದು ಹೇಳಿಕೊಂಡು, 150ರಿಂದ 3,750 ಹರ್ಟ್ಸ್‌ವರೆಗಿನ ಸ್ವರಗಳನ್ನು ಕಳಿಸಿ, ಯಾವುದು ಎಷ್ಟು ಸವೆದು ತಲುಪಿತೆಂದು ಅಳೆದು ವೇಗ ಒಪ್ಪಿಕೊಳ್ಳುತ್ತವೆ. 46,667 ಎಂಬುದು ಆ ಗಳಿಗೆಯ ಒಪ್ಪಂದ. ಆಮೇಲೆ ಲೈನಿನಲ್ಲಿ ಗೊರಗೊರ ಎದ್ದರೆ ಕೆಟ್ಟ ತುಂಡುಗಳನ್ನು ವಿ.42 ಎಂಬ ತಪ್ಪು ತಿದ್ದುವ ವಿಧಾನ ಮತ್ತೆ ತರಿಸಿಕೊಳ್ಳುತ್ತದೆ. ಫೈಲು ನಿಂತಂತೆ ಕಾಣುವುದು ಆಗ. ಗದ್ದಲ ಜಾಸ್ತಿಯಾದರೆ ಮೋಡೆಂಗಳು ಮರುಹೊಂದಾಣಿಕೆಗೆ ಇಳಿದು ವೇಗ ತಗ್ಗಿಸುತ್ತವೆ. ಪರದೆಯ ಮೇಲೆ ಮಾತ್ರ ಹಳೇ ಅಂಕಿಯೇ!

ಫೋನೆತ್ತಿ ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತ ಮೇಲೆ ಕಿವಿಗೊಡಿ. ಸದ್ದಿದ್ದರೆ ಪ್ಯಾರಲಲ್ ಫೋನುಗಳನ್ನೆಲ್ಲ (ಅದೇ ಲೈನಿಗೆ ಸೇರಿಸಿದ ಬೇರೆ ಫೋನುಗಳು) ಕಿತ್ತು, ಲೈನು ಮನೆಯೊಳಗೆ ಬರುವ ಮೊದಲ ಪೆಟ್ಟಿಗೆಗೇ ಗಿಡ್ಡ ತಂತಿಯಿಂದ ಮೋಡೆಂ ಸೇರಿಸಿ ನೋಡಿ. ಅಲ್ಲೂ ಸದ್ದಿದ್ದರೆ ದೋಷ ಹೊರಗಿನದು: ತೋಟದ ಉದ್ದನೆಯ ಲೈನುಗಳಲ್ಲಿ ಜಾಯಿಂಟಿಗೆ ನೀರಿಳಿದು ಕಿಲುಬು ಹಿಡಿದಿರುತ್ತದೆ. ದೂರು ಕೊಡುವಾಗ ‘ಇಂಟರ್ನೆಟ್ ನಿಧಾನ’ ಎನ್ನಬೇಡಿ, ‘ಮಾತಾಡುವಾಗ ಗೊರಗೊರ’ ಎನ್ನಿ. ಲೈನ್‌ಮನ್ ಹುಡುಕುವುದು ಅದನ್ನೇ. ರಿಪೇರಿ ಆಗುವ ತನಕ ಮೋಡೆಂ ಅನ್ನು ವಿ.34ಕ್ಕೆ (ಹಿಂದಿನ, ನಿಧಾನದ ವಿಧಾನ) ಕಟ್ಟಿಹಾಕಿ. ಅಲುಗದ 28,800, ಮೇಲಿಂದ ಮೇಲೆ ಮುಗ್ಗರಿಸುವ 46,667ಕ್ಕಿಂತ ಬೇಗ ಫೈಲು ಮುಗಿಸುತ್ತದೆ.

ಪ್ರಶ್ನೆ: ಕಚೇರಿಯ 56ಕೆ (56,000 ಬಿಪಿಎಸ್) ಮೋಡೆಂ 33,600 ದಾಟುವುದಿಲ್ಲ, ಯಾಕೆ?
– ಓದುಗರು, ಹಾಸನ

ಉತ್ತರ: ಇಪಿಎಬಿಎಕ್ಸ್ (ಕಚೇರಿಯೊಳಗಿನ ಪುಟ್ಟ ಫೋನ್ ಎಕ್ಸ್‌ಚೇಂಜ್) ಇದೆಯೇ? ಐಎಸ್‌ಪಿಯಿಂದ (ಇಂಟರ್ನೆಟ್ ಕೊಡುವ ಕಂಪನಿ) ನಿಮ್ಮ ತನಕ ಡಿಜಿಟಲ್ ಸಂಕೇತ ಒಂದೇ ಸಲ ಅನಲಾಗ್ ಆಗಬೇಕೆಂಬುದು 56ಕೆ ವೇಗ ಕೊಡುವ ವಿ.90 ವಿಧಾನದ ಷರತ್ತು. ಇಪಿಎಬಿಎಕ್ಸ್ ಇನ್ನೊಮ್ಮೆ ಪರಿವರ್ತಿಸಿದರೆ ಮೋಡೆಂ ವಿ.34ಕ್ಕೆ ಜಾರುತ್ತದೆ. ಅದರ ಗರಿಷ್ಠವೇ 33,600. ನೇರ ಲೈನಿಗೆ ಸಿಕ್ಕಿಸಿ ನೋಡಿ.