ಮಗಳ ಸಂಸಾರ ಹಾಯಿದೋಣಿಯಲ್ಲಿ: ಹೋಗಿ ಇರಬಹುದೇ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಧಾರವಾಡದ ಮಾಳಮಡ್ಡಿಯಲ್ಲಿ ಪತ್ನಿಯೊಂದಿಗೆ ವಾಸವಾಗಿದ್ದೇನೆ. ನಮ್ಮ ಮಗಳು ಮತ್ತು ಅಳಿಯ ಬೆಂಗಳೂರಿನ ಬಾಡಿಗೆ ಮನೆಯನ್ನು ಬಿಟ್ಟು, 40 ಅಡಿ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಇಬ್ಬರು ಚಿಕ್ಕ ಮಕ್ಕಳೊಂದಿಗೆ ಅದರಲ್ಲಿಯೇ ಸಂಸಾರ ಹೂಡಿದ್ದಾರೆ. ಈ ಚಳಿಗಾಲವನ್ನು ಕೊಚ್ಚಿಯಲ್ಲಿ ಕಳೆಯುತ್ತಾರಂತೆ. ಜನವರಿಯಲ್ಲಿ ಬಂದು ಒಂದು ತಿಂಗಳು ಇರಿ, ಆಮೇಲೆ ದೋಣಿಯಲ್ಲಿಯೇ ಗೋವಾದವರೆಗೆ ಬಂದು ಅಲ್ಲಿಂದ ಧಾರವಾಡಕ್ಕೆ ಹೋಗಬಹುದು ಎಂದು ಒತ್ತಾಯಿಸುತ್ತಿದ್ದಾರೆ. ಪತ್ನಿಗೆ ಮೊಣಕಾಲು ನೋವು, ನನಗೆ ರಕ್ತದೊತ್ತಡವಿದೆ. "ಮನೆ ಮಠ ಬಿಟ್ಟವರ ಹತ್ತಿರ ಹೋಗಿ ಏನು ಮಾಡುತ್ತೀರಿ?" ಎಂದು ಬೀಗರು ಕೇಳುತ್ತಿದ್ದಾರೆ. ಹೋಗಬಹುದೇ? ಹೋದರೆ ಹೇಗಿರಬೇಕು?

ಉತ್ತರ: ಹೋಗಿ ಬನ್ನಿ. ಆದರೆ ತಿಂಗಳುಗಟ್ಟಲೆ ಬೇಡ, ಎಂಟು ಹತ್ತು ದಿನ ಸಾಕು. ಗೋವಾದವರೆಗಿನ ಸಮುದ್ರಯಾನವನ್ನಂತೂ ಈ ಸಲಕ್ಕೆ ಬಿಟ್ಟುಬಿಡಿ. ಕಾರಣಗಳನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗುತ್ತದೆ.

ನಲವತ್ತು ಅಡಿ ಎಂಬ ಅಳತೆಯನ್ನು ಕೇಳಿ ದೊಡ್ಡ ಮನೆಯನ್ನು ಕಲ್ಪಿಸಿಕೊಳ್ಳಬೇಡಿ. ಒಂದೇ ಒಡಲಿನ ಹಾಯಿದೋಣಿಯಾದರೆ ಅದರ ಅಗಲ ಮಧ್ಯಭಾಗದಲ್ಲಿ ಹನ್ನೆರಡು ಹದಿಮೂರು ಅಡಿ ಇದ್ದು ಎರಡೂ ತುದಿಗಳ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಅಷ್ಟರಲ್ಲಿಯೇ ಅಡಿಗೆಕಟ್ಟೆ, ಊಟದ ಮೇಜು, ಶೌಚಾಲಯ, ಎಂಜಿನ್ನು, ನೀರಿನ ಟ್ಯಾಂಕು, ನಾಲ್ಕು ಜನರ ಬಟ್ಟೆಬರೆ ಎಲ್ಲವೂ ಹೊಂದಿಕೊಂಡಿರಬೇಕು. ಇಬ್ಬರು ಅತಿಥಿಗಳು ಬಂದರೆ ಬಹುಶಃ ಮಕ್ಕಳು ತಮ್ಮ ಕೋಣೆಯನ್ನು ಬಿಟ್ಟುಕೊಟ್ಟು ಮೇಜಿನ ಪಕ್ಕದ ಆಸನಗಳ ಮೇಲೆ ಮಲಗುತ್ತಾರೆ. ಮೊದಲ ವಾರ ಅವರಿಗೆ ಅದೊಂದು ಆಟ, ಮೂರನೆಯ ವಾರ ಕಿರಿಕಿರಿ. ಗಟ್ಟಿ ಸೂಟ್‌ಕೇಸನ್ನು ಒಯ್ಯಬೇಡಿ, ಅದನ್ನಿಡಲು ಅಲ್ಲಿ ಜಾಗವೇ ಇರುವುದಿಲ್ಲ. ಮಡಚಿಡಬಹುದಾದ ಬಟ್ಟೆಯ ಚೀಲ ಒಳ್ಳೆಯದು.

ತಮ್ಮ ಪತ್ನಿಯವರ ಮೊಣಕಾಲಿನ ವಿಷಯವೇ ನಿಜವಾಗಿ ತೀರ್ಮಾನ ಮಾಡಬೇಕಾದದ್ದು. ಮೇಲಿನ ಅಟ್ಟದಿಂದ ಒಳಗೆ ಇಳಿಯಲು ಹಾಯಿದೋಣಿಗಳಲ್ಲಿ ನಾಲ್ಕೈದು ಮೆಟ್ಟಿಲುಗಳ ಕಡಿದಾದ ಏಣಿಯಿರುತ್ತದೆ. ಅದರಲ್ಲಿ ಎಂದಿಗೂ ಮುಂದೆ ಮುಖ ಮಾಡಿ ಇಳಿಯಬಾರದು. ಏಣಿಯ ಕಡೆಗೇ ಮುಖವಿಟ್ಟು, ಎರಡೂ ಕೈಗಳಿಂದ ಹಿಡಿಕೆಗಳನ್ನು ಹಿಡಿದು, ಹಿಂದೆ ಹಿಂದೆ ಇಳಿಯಬೇಕು. ದಿನಕ್ಕೆ ಹತ್ತಿಪ್ಪತ್ತು ಸಲ ಇದನ್ನು ಮಾಡಬೇಕಾದೀತು. ನಿಮ್ಮ ಮನೆಯ ಅಟ್ಟದ ಏಣಿಯನ್ನು ಅವರು ನೋವಿಲ್ಲದೆ ಹತ್ತಿ ಇಳಿಯಬಲ್ಲರಾದರೆ ಚಿಂತೆಯಿಲ್ಲ. ಆಗದಿದ್ದರೆ ರಾತ್ರಿ ಮಲಗಲು ದಡದ ಮೇಲೊಂದು ಕೋಣೆಯನ್ನು ಹಿಡಿದು, ಹಗಲನ್ನು ದೋಣಿಯಲ್ಲಿ ಕಳೆಯಿರಿ. ಇದರಿಂದ ಮಗಳಿಗೆ ಬೇಸರವಾದೀತೆಂಬ ಸಂಕೋಚ ಬೇಡ. ಜಾಗದ ಇಕ್ಕಟ್ಟನ್ನು ನಿತ್ಯ ಅನುಭವಿಸುವವಳಿಗೆ ಅದು ಎಲ್ಲರಿಗಿಂತ ಬೇಗ ಅರ್ಥವಾಗುತ್ತದೆ.

ದೋಣಿಯನ್ನು ಹತ್ತುವುದು ಅಷ್ಟು ಕಷ್ಟವಲ್ಲ. ಕೊಚ್ಚಿಯ ಬೋಲ್ಗಾಟಿ ದ್ವೀಪದಲ್ಲಿ 2010ರಲ್ಲಿ ಆರಂಭವಾದ ಕೇರಳ ಪ್ರವಾಸೋದ್ಯಮ ನಿಗಮದ ಮರೀನಾ, ಅಂದರೆ ದೋಣಿ ನಿಲ್ದಾಣದಂತಹ ಕಡೆ ದೋಣಿಗಳನ್ನು ತೇಲುವ ಕಟ್ಟೆಗೆ ಕಟ್ಟುತ್ತಾರೆ. ಉಬ್ಬರವಿಳಿತದೊಂದಿಗೆ ಕಟ್ಟೆಯೂ ದೋಣಿಯೂ ಒಟ್ಟಿಗೆ ಏರಿಳಿಯುವುದರಿಂದ ಎರಡರ ನಡುವಿನ ಎತ್ತರ ಬದಲಾಗುವುದಿಲ್ಲ. ಹಾಯಿ ಕಟ್ಟುವ ಕೂವೆಕಂಬವನ್ನು ಬಿಗಿದಿರುವ ದಪ್ಪ ಉಕ್ಕಿನ ಸರಿಗೆಯನ್ನು ಹಿಡಿದು ಒಮ್ಮೆಗೇ ದಾಟಬೇಕು. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯ ಮೇಲೆ ಇಟ್ಟುಕೊಂಡು ಯೋಚಿಸುತ್ತ ನಿಲ್ಲಬಾರದು. ದೋಣಿ ಕಟ್ಟೆಗೆ ಬಡಿಯುವಂತೆ ಕಂಡರೂ ನಡುವೆ ಕೈ ಅಥವಾ ಕಾಲನ್ನು ಒಡ್ಡಿ ತಡೆಯಲು ಹೋಗಬಾರದು. ಅದರ ತೂಕ ಹಲವು ಟನ್ನುಗಳು.

ಇನ್ನು ನೀರು. ಇಂತಹ ದೋಣಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ನೂರು ಲೀಟರು ಹಿಡಿಯುತ್ತದೆ, ಅದೇ ಇಡೀ ಕುಟುಂಬದ ಸ್ನಾನ, ಅಡಿಗೆ, ಪಾತ್ರೆಗಳಿಗೆ. ಈ ಶಿಸ್ತನ್ನು ಬೆಂಗಳೂರಿನವರಿಗೆ ಕಲಿಸಬೇಕಾದೀತು, ನಮ್ಮವರಿಗೆ ಬೇಕಿಲ್ಲ: ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಿಂದ ದಿನವಿಡೀ ನೀರು ಬರತೊಡಗಿದ ಮೇಲೂ, ಉಳಿದ ಓಣಿಗಳ ಜನ ಮಲಪ್ರಭೆಯ ನೀರು ನಲ್ಲಿಗೆ ಬರುವ ದಿನವನ್ನು ಎಣಿಸುತ್ತ, ಕೊಡ ಬ್ಯಾರಲ್ಲುಗಳ ಲೆಕ್ಕದಲ್ಲಿಯೇ ಸಂಸಾರ ಮಾಡಿದವರು. ಶೌಚಾಲಯದ ವಿಷಯದಲ್ಲಿ ಮಾತ್ರ ಮುಜುಗರಪಡದೆ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಅದರ ಪಂಪಿನ ಕೊಳವೆ ಬಹಳ ಸಣ್ಣದು. ಕಾಗದ, ಹತ್ತಿ, ಕೂದಲು ಏನೇ ಬಿದ್ದರೂ ಕಟ್ಟಿಕೊಳ್ಳುತ್ತದೆ, ಬಿಚ್ಚಿ ಸರಿಪಡಿಸುವ ಪಾಳಿ ಅಳಿಯನದಾಗುತ್ತದೆ.

ಅಡಿಗೆಯಲ್ಲಿ ನೆನಪಿಡಬೇಕಾದದ್ದು ಅನಿಲ. ಅಡಿಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕಿಟಕಿಯಿಂದ ಹೊರಹೋಗದೆ ದೋಣಿಯ ತಳದಲ್ಲಿ ಹೋಗಿ ಕೂಡುತ್ತದೆ. ಒಂದು ಕಿಡಿ ಸಾಕು. ಹೀಗಾಗಿ ಸಿಲಿಂಡರನ್ನು ಹೊರಕ್ಕೆ ತೂತಿರುವ ಪ್ರತ್ಯೇಕ ಗೂಡಿನಲ್ಲಿ ಇಟ್ಟಿರುತ್ತಾರೆ, ಪ್ರತಿ ಸಲ ಒಲೆ ಆರಿಸಿದ ಮೇಲೆ ಅಲ್ಲಿನ ವಾಲ್ವನ್ನೂ ಮುಚ್ಚುತ್ತಾರೆ. ಅತ್ತೆಯೇ ಆಗಲಿ ತಾಯಿಯೇ ಆಗಲಿ ಈ ನಿಯಮಕ್ಕೆ ವಿನಾಯಿತಿ ಇಲ್ಲ. ದೇವರ ಮುಂದೆ ದೀಪ ಹಚ್ಚಬಾರದೆಂದೇನಿಲ್ಲ, ಆದರೆ ಮಗಳನ್ನು ಕೇಳಿ ಹಚ್ಚಿ, ಆರುವವರೆಗೆ ಎದ್ದು ಹೋಗಬೇಡಿ. ರೊಟ್ಟಿಯನ್ನು ಅಲ್ಲಿ ಬಡಿಯುವ ಸಾಹಸಕ್ಕಿಂತ ಇಲ್ಲಿಂದಲೇ ಖಡಕ್ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿಗಳನ್ನು ಒಯ್ಯುವುದು ಲೇಸು. ದೋಣಿಯ ಸಂಸಾರಕ್ಕೆ ಇದಕ್ಕಿಂತ ಹೊಂದುವ ಬುತ್ತಿ ಇನ್ನೊಂದಿರಲಾರದು: ಒಲೆ ಬೇಡ, ಫ್ರಿಜ್ಜು ಬೇಡ. ಆದರೆ ಧಾರವಾಡದಲ್ಲಿ ತಿಂಗಳುಗಟ್ಟಲೆ ಕಟಂ ಎನ್ನುವ ರೊಟ್ಟಿ ಕಡಲ ಗಾಳಿಯಲ್ಲಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಬುಟ್ಟಿಯಲ್ಲಿ ಒಯ್ಯದೆ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ.

ಮೊದಲ ರಾತ್ರಿ ದೋಣಿಯ ಹೊರಮೈಯಿಂದ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು ಬಂದೀತು. ತಳ ಒಡೆಯಿತೆಂದು ಅಳಿಯನನ್ನು ಎಬ್ಬಿಸಬೇಡಿ. ಬೆಚ್ಚನೆಯ ಕಡಲಿನ ಒಂದು ಜಾತಿಯ ಸಿಗಡಿ ತನ್ನ ಕೊಂಡಿಯನ್ನು ಚಟ್ಟನೆ ಮುಚ್ಚಿದಾಗ ಹುಟ್ಟುವ ಸದ್ದು ಅದು. ಹಾಗೆಯೇ ಊರಿಗೆ ಮರಳಿದ ಮೇಲೆ ಒಂದೆರಡು ದಿನ ಮನೆಯ ನೆಲವೇ ತೂಗಿದಂತೆ ಅನಿಸಿದರೆ ರಕ್ತದೊತ್ತಡ ಏರಿತೆಂದು ತಕ್ಷಣ ಗಾಬರಿಯಾಗಬೇಡಿ. ಅದು ಅನೇಕರಿಗೆ ಆಗುತ್ತದೆ, ತಾನೇ ಇಳಿಯುತ್ತದೆ. ಹೆಚ್ಚು ದಿನ ಮುಂದುವರಿದರೆ ಮಾತ್ರ ವೈದ್ಯರಿಗೆ ತೋರಿಸಿ.

ಊರು ನೋಡುವ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಹಾಯಿದೋಣಿಯಲ್ಲಿರುವವರು ಅದರಲ್ಲಿಯೇ ಊರೆಲ್ಲ ಸುತ್ತುತ್ತಾರೆಂದು ಜನ ಭಾವಿಸುತ್ತಾರೆ. ಎತ್ತರದ ಕೂವೆಕಂಬವಿರುವ ದೋಣಿ ತಗ್ಗಿನ ಸೇತುವೆಗಳ ಕೆಳಗೆ ಹಾಯಲಾರದು, ಆಳವಾದ ತಳವಿರುವುದರಿಂದ ಹಿನ್ನೀರಿನ ಕಿರುಗಾಲುವೆಗಳಿಗೂ ಒಲ್ಲದು. ಅದು ಕಟ್ಟಿದಲ್ಲಿ ನಿಂತಿರುತ್ತದೆ. ಓಡಾಟಕ್ಕೆ ಪುಟ್ಟ ರಬ್ಬರ್ ದೋಣಿ ಇಲ್ಲವೇ ಊರಿನ ಸಾರಿಗೆ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಿಂದ ಬ್ಯಾಟರಿ ಚಾಲಿತ ಜಲಮೆಟ್ರೊ ಓಡುತ್ತಿದೆ. ಹೈಕೋರ್ಟ್ ನಿಲ್ದಾಣದಿಂದ ಅದರಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ ಇಳಿದರೆ, 1503ರಲ್ಲಿ ಮೊದಲು ಕಟ್ಟಲಾದ ಸಂತ ಫ್ರಾನ್ಸಿಸ್ ಚರ್ಚು ಹತ್ತಿರದಲ್ಲಿಯೇ ಇದೆ. ವಾಸ್ಕೊ ಡ ಗಾಮನನ್ನು 1524ರಲ್ಲಿ ಹೂತದ್ದು ಅಲ್ಲಿ, ಅವಶೇಷಗಳನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರು. ಅಲ್ಲಿನ ಚೀನಾ ಮೀನುಬಲೆಗಳನ್ನು ಸಂಜೆಯ ಜಂಗುಳಿಯಲ್ಲಿ ನೋಡುವುದಕ್ಕಿಂತ ಬೆಳಗಿನ ಹೊತ್ತು ಹೋಗಿ, ಕಲ್ಲುಗಳನ್ನು ಎದುರುತೂಕವಾಗಿ ಇಳಿಬಿಟ್ಟ ಆ ಮರದ ತೋಳು ಹೇಗೆ ನಾಲ್ಕಾರು ಜನರ ಎಳೆತಕ್ಕೆ ಮೇಲೇಳುತ್ತದೆಂಬುದನ್ನು ಮೊಮ್ಮಕ್ಕಳಿಗೆ ತೋರಿಸಿ. ಮಟ್ಟಾಂಚೇರಿಯಲ್ಲಿ 1568ರ ಯಹೂದಿ ಪ್ರಾರ್ಥನಾ ಮಂದಿರವಿದೆ. ಶುಕ್ರವಾರ, ಶನಿವಾರ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ದಿನ ನೋಡಿ ಹೊರಡಿ. ಅಲ್ಲಿಯೇ ಸಮೀಪದ ಚೆರ್ಲಾಯಿಯಲ್ಲಿ ತಲೆಮಾರುಗಳಿಂದ ನೆಲೆಸಿದ ಗೌಡ ಸಾರಸ್ವತರ ಬೀದಿಗಳಲ್ಲಿ ಕೊಂಕಣಿ ಕಿವಿಗೆ ಬೀಳುತ್ತದೆ, ಹುಬ್ಬಳ್ಳಿಯ ಕಿವಿಗೆ ಅದು ಪರಕೀಯವೇನಲ್ಲ.

ಆದರೂ ನನ್ನ ಮಾತು ಕೇಳುವುದಾದರೆ, ಹತ್ತು ದಿನಗಳಲ್ಲಿ ಮೂರು ನಾಲ್ಕು ದಿನಗಳನ್ನು ಎಲ್ಲಿಗೂ ಹೋಗದೆ ದೋಣಿಯಲ್ಲಿಯೇ ಕಳೆಯಿರಿ. ಕೊಚ್ಚಿಯ ನೀರಿನಲ್ಲಿ ಅಂತರಗಂಗೆ ರಾಶಿರಾಶಿಯಾಗಿ ತೇಲಿ ಬರುತ್ತದೆ. ಎಂಜಿನ್ನನ್ನು ತಂಪುಮಾಡಲು ಹೊರನೀರನ್ನು ಎಳೆಯುವ ಕೊಳವೆಗೆ ಅದರ ಬೇರುಗಳು ಸಿಕ್ಕಿಕೊಳ್ಳುತ್ತವೆ. ಎಂಜಿನ್ನು ಚಾಲೂ ಮಾಡುವ ಮೊದಲು ಸೋಸುಗದ ಮುಚ್ಚಳ ಬಿಚ್ಚಿ, ಬಲೆಯ ಬುಟ್ಟಿಯನ್ನು ತೆಗೆದು, ಕಸವನ್ನು ಝಾಡಿಸಿ, ರಬ್ಬರ್ ಉಂಗುರ ಸರಿಯಾಗಿ ಕೂತಿತೇ ಎಂದು ಬೆರಳಾಡಿಸಿ ನೋಡುವ ಕೆಲಸವನ್ನು ಹತ್ತು ವರ್ಷದ ಮಗು ಚೆನ್ನಾಗಿ ಮಾಡಬಲ್ಲದು, ಇಂತಹ ಸಂಸಾರಗಳಲ್ಲಿ ಮಾಡುತ್ತದೆ ಕೂಡ. ಬೀಗರಿಗೆ ಉತ್ತರ ಕೊಡಬೇಕಾದರೆ ಅದನ್ನು ನೋಡಿಬಂದು ಕೊಡಿ. ಎಷ್ಟು ನೀರು ಉಳಿದಿದೆ, ಸೌರಫಲಕದಿಂದ ಬ್ಯಾಟರಿ ಎಷ್ಟು ತುಂಬಿದೆ, ನಾಳೆ ಗಾಳಿ ಯಾವ ದಿಕ್ಕಿನದು ಎಂದು ದಿನಬೆಳಗಾದರೆ ಲೆಕ್ಕ ಹಾಕುವವರನ್ನು ಮನೆ ಮಠ ಬಿಟ್ಟವರು ಎನ್ನುವುದು ನನಗೆ ಸರಿಕಾಣುವುದಿಲ್ಲ.

ಗೋವಾ ಯಾನ ಏಕೆ ಬೇಡ? ಕೊಚ್ಚಿಯಿಂದ ಮಾರ್ಮಗೋವಾಕ್ಕೆ ಸುಮಾರು 350 ನಾಟಿಕಲ್ ಮೈಲು, ಅಂದರೆ 650 ಕಿಲೋಮೀಟರಿನಷ್ಟು ದೂರ. ಗಂಟೆಗೆ ಐದು ನಾಟಿಕಲ್ ಮೈಲು ಸಾಗಿದರೂ ನಿಲ್ಲದೆ ಮೂರು ಹಗಲು ಮೂರು ರಾತ್ರಿ. ಫೆಬ್ರುವರಿಯಲ್ಲಿ ಮಧ್ಯಾಹ್ನದ ಕಡಲ ಗಾಳಿ ವಾಯವ್ಯದಿಂದ ಬೀಸುವುದರಿಂದ ಉತ್ತರಕ್ಕೆ ಹೋಗುವವರಿಗೆ ಅದು ಎದುರುಗಾಳಿ. ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು, ಅಲೆಗೆ ಮೂಗು ಬಡಿಯುತ್ತ ಸಾಗುತ್ತದೆ. ರಾತ್ರಿ ದೀಪವಿಲ್ಲದ ಮೀನುದೋಣಿಗಳು, ಬಲೆಗಳು. ಪಾಳಿಯ ಪ್ರಕಾರ ಎಚ್ಚರವಿರಬೇಕಾದ ಅಳಿಯ ಮಗಳಿಗೆ ವಾಂತಿಯಿಂದ ಬಳಲುವ ಹಿರಿಯರ ಆರೈಕೆಯನ್ನೂ ಹೊರಿಸುವುದು ನ್ಯಾಯವಲ್ಲ. ವಾಂತಿ ತಡೆಯುವ ಮಾತ್ರೆಗಳು ತೂಕಡಿಕೆ ತರುತ್ತವೆ, ತಮ್ಮ ರಕ್ತದೊತ್ತಡದ ಔಷಧಿಯೊಂದಿಗೆ ಅವು ಹೊಂದುತ್ತವೆಯೇ ಎಂಬುದನ್ನು ವೈದ್ಯರೇ ಹೇಳಬೇಕು. ಬೆಂಗಳೂರಿನ ಮೂಲಕ ರೈಲಿನಲ್ಲಿ ಹೋಗಿ ರೈಲಿನಲ್ಲಿಯೇ ಬನ್ನಿ. ಅವರು ಗೋವಾ ತಲುಪಿದ ಮೇಲೆ ಧಾರವಾಡದಿಂದ ಅಲ್ಲಿಗೆ ಅರ್ಧ ದಿನದ ದಾರಿ. ಆಗ ಮಾಂಡೋವಿ ನದಿಯ ಮುಖದಲ್ಲಿ ಒಂದು ಬೆಳಗಿನ ಹೊತ್ತು ಹಾಯಿ ಬಿಚ್ಚಿಸಿಕೊಂಡು ಸುತ್ತಿ ಬರಬಹುದು.

ಪ್ರಶ್ನೆ: ದೋಣಿಯಲ್ಲಿ ವಾಸಿಸುವ ಕುಟುಂಬಗಳ ಕುರಿತು ಹಿಂದಿನ ಸಂಚಿಕೆಯಲ್ಲಿ ಓದಿದೆ. ನಾನು ಗದಗಿನಲ್ಲಿ ಶಿಕ್ಷಕಿ. ಊರಿಂದೂರಿಗೆ ತೇಲುವ ಮಕ್ಕಳ ಶಾಲೆಯ ಗತಿಯೇನು?

ಉತ್ತರ: ನಮ್ಮ ದೇಶದಲ್ಲಿ ಇಂತಹವರಿಗೆ ಇರುವ ನೇರ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಅದರ ಮುಕ್ತ ಮೂಲಶಿಕ್ಷಣದ ಮೂರು ಹಂತಗಳು ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮ. ಹದಿನಾಲ್ಕು ತುಂಬಿದ ಮೇಲೆ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕೂಡಬಹುದು, ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಉಬ್ಬರವಿಳಿತದ ಪಟ್ಟಿ, ನಕಾಶೆಯ ಅಕ್ಷಾಂಶ ರೇಖಾಂಶ, ಇಂಧನದ ಲೆಕ್ಕ ಇವು ಗಣಿತ ಭೂಗೋಳಗಳನ್ನು ಚೆನ್ನಾಗಿ ಕಲಿಸುತ್ತವೆ ಎಂಬುದು ನಿಜ. ನನಗಿರುವ ಅನುಮಾನ ಬೇರೆ: ಓರಗೆಯ ಮಕ್ಕಳೊಂದಿಗೆ ಜಗಳವಾಡಿ ಮರುದಿನ ಮತ್ತೆ ಅದೇ ಬೆಂಚಿನಲ್ಲಿ ಕೂಡುವ ಅಭ್ಯಾಸವನ್ನು ಯಾವ ಸಮುದ್ರವೂ ಕಲಿಸುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು, ಜೂನಿನಿಂದ ಸೆಪ್ಟೆಂಬರಿನವರೆಗೆ, ಪಶ್ಚಿಮ ಕರಾವಳಿಯಲ್ಲಿ ಹೇಗೂ ಸಣ್ಣ ದೋಣಿಗಳ ಸಂಚಾರ ನಿಲ್ಲುತ್ತದೆ. ಆ ಅವಧಿಯಲ್ಲಿ ಮಕ್ಕಳನ್ನು ಅಜ್ಜ ಅಜ್ಜಿಯರ ಊರಿಗೆ ಕಳಿಸುವ ತಂದೆತಾಯಿಗಳು ಈ ಕೊರತೆಯನ್ನು ಅರ್ಧ ತುಂಬಿದಂತೆ.

ಪ್ರಶ್ನೆ: ನಾನು ಹಾವೇರಿಯವನು, ವಯಸ್ಸು 22, ಸಮುದ್ರವನ್ನು ಕಂಡದ್ದೇ ಕಡಿಮೆ. ಹಾಯಿದೋಣಿ ನಡೆಸುವುದನ್ನು ಕಲಿಯಬಹುದೇ? ಬಹಳ ಖರ್ಚೇ?

ಉತ್ತರ: ಭಾರತೀಯ ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರಿನಿಂದ 2018ರ ಮೇ ವರೆಗೆ ಗೋವಾದಲ್ಲಿ ಕಟ್ಟಿದ 'ತಾರಿಣಿ' ಎಂಬ 56 ಅಡಿಯ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದರು. ಅದರ ನಾಯಕಿ ವರ್ತಿಕಾ ಜೋಶಿ ಉತ್ತರಾಖಂಡದವರು, ತಂಡದ ಇನ್ನೊಬ್ಬರು ಹಿಮಾಚಲದ ಕುಲ್ಲುವಿನವರು. ಹಾವೇರಿ ಅವೆರಡಕ್ಕಿಂತ ಕಡಲಿಗೆ ಬಹಳ ಹತ್ತಿರ. ಕಲಿಕೆ ಆರಂಭವಾಗುವುದು ಒಬ್ಬರು ಇಬ್ಬರು ಕೂಡುವ ಚಿಕ್ಕ ಹಾಯಿದೋಣಿಯಲ್ಲಿ, ಅದಕ್ಕೆ ಸಮುದ್ರವೇ ಬೇಕೆಂದಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಎಷ್ಟೋ ಮಕ್ಕಳು ಹಾಗೆಯೇ ಕಲಿತಿದ್ದಾರೆ. ತಮಗೆ ಹತ್ತಿರದ್ದು ಗೋವಾದಲ್ಲಿರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ. ಖರ್ಚಿನ ಮಾತು: ಕಲಿಯುವುದು ಕೈಗೆಟುಕುವಂಥದ್ದು, ದೋಣಿಯನ್ನು ಇಟ್ಟುಕೊಳ್ಳುವುದು ದುಬಾರಿ. ದೋಣಿಯ ಬೆಲೆಯ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷ ದುರಸ್ತಿ, ಬಣ್ಣ, ವಿಮೆ, ಕಟ್ಟೆಬಾಡಿಗೆಗಳಿಗೆ ತೆಗೆದಿಡಬೇಕೆಂಬುದು ಒಡೆಯರ ವಾಡಿಕೆಯ ಲೆಕ್ಕ. ಇವೆಲ್ಲಕ್ಕೂ ಮೊದಲು ಈಜು ಕಲಿಯಿರಿ, ತರಬೇತುದಾರರಿರುವ ಕೊಳದಲ್ಲಿ. ಹೆಗ್ಗೇರಿ ಕೆರೆಗೆ ಒಬ್ಬರೇ ಇಳಿಯುವ ಧೈರ್ಯ ಬೇಡ.