ಮನೆಯಲ್ಲಿ ಫೋನ್ ಇದೆ, ಸರಿ. ಅದು ಯಾರ ಫೋನ್?

ಕಂಪ್ಯೂಟರ್, ಇಂಟರ್ನೆಟ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರ ಕೊಡುತ್ತೇನೆ. ಸಾಮಾನ್ಯವಾಗಿ ಬರುವುದು ‘ಫೋನ್ ಯಾಕೆ ಬಿಸಿ ಆಗುತ್ತದೆ’, ‘ಅಳಿಸಿಹೋದ ಫೋಟೊ ವಾಪಸ್ ಬರುತ್ತಾ’ ಅನ್ನುವ ಪತ್ರಗಳು. ಈ ಸಲ ಬಂದವು ಬೇರೆ ಥರದವು. ನೆಟ್ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅನ್ನುವುದರ ಸುತ್ತಲೇ ಇವೆ. ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡಿದ್ದು ನಿವೃತ್ತಳಾದವಳು ನಾನು. ಈಗ ಗ್ರಂಥಾಲಯದ ಕಂಪ್ಯೂಟರ್ ಮೂಲೆಯಲ್ಲಿ ಕೂತು ಬಂದವರಿಗೆ ಸಹಾಯ ಮಾಡುತ್ತೇನೆ. ಹಾಗಾಗಿ ಈ ವಿಷಯಕ್ಕೆ ನನ್ನ ಮಾತು ಸ್ವಲ್ಪ ಜಾಸ್ತಿಯೇ. ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ಈಗ ಯಾರ ಕೈಯಲ್ಲಿ ನೋಡಿದರೂ ಮೊಬೈಲ್. ಇನ್ನೂ ‘ಡಿಜಿಟಲ್ ಅಂತರ’ ಅಂತ ಬರೆಯುವುದು ಹಳೇ ಕಾಲದ ಮಾತಲ್ವಾ?
– ಒಬ್ಬ ಓದುಗರು

ಮೊದಲು ಲೆಕ್ಕ ನೋಡೋಣ. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, 2024ರಲ್ಲಿ ಮಾಡಿದ ಅಂದಾಜು ಹೀಗಿದೆ. ಜಗತ್ತಿನಲ್ಲಿ ಸುಮಾರು 550 ಕೋಟಿ ಜನ ಇಂಟರ್ನೆಟ್ ಬಳಸುತ್ತಾರೆ. 260 ಕೋಟಿ ಜನ ಬಳಸುವುದಿಲ್ಲ. ನಗರಗಳಲ್ಲಿ 100 ಜನರಲ್ಲಿ 83 ಮಂದಿ ಬಳಸಿದರೆ, ಹಳ್ಳಿಗಳಲ್ಲಿ 48 ಮಂದಿ. ಶ್ರೀಮಂತ ದೇಶಗಳಲ್ಲಿ 93, ತೀರಾ ಬಡ ದೇಶಗಳಲ್ಲಿ 27. ಗಂಡಸರಲ್ಲಿ 70, ಹೆಂಗಸರಲ್ಲಿ 65. ಕೊನೆಯ ಜೋಡಿ ನೋಡಿದರೆ ಐದೇ ಅಲ್ವಾ ಅನ್ನಿಸುತ್ತದೆ. ತಲೆ ಎಣಿಸಿದರೆ ಹೆಂಗಸರಿಗಿಂತ ಸುಮಾರು 19 ಕೋಟಿ ಗಂಡಸರು ಜಾಸ್ತಿ ನೆಟ್ ಬಳಸುತ್ತಾರೆ.

ಇಷ್ಟಕ್ಕೂ ಸಿಗ್ನಲ್ ಇಲ್ಲ ಅಂತಲೂ ಅಲ್ಲ. ಜಗತ್ತಿನ 100 ಜನರಲ್ಲಿ ಸುಮಾರು 95 ಮಂದಿ ಇರುವ ಕಡೆಗೆ ಮೊಬೈಲ್ ಬ್ರಾಡ್‌ಬ್ಯಾಂಡ್ ತಲುಪಿಯಾಗಿದೆ. ನೆಟ್ ಬಳಸದವರಲ್ಲಿ ಸಿಗ್ನಲ್ ಇರುವ ಕಡೆಯೇ ಇರುವವರು ಹೆಚ್ಚು. ಫೋನ್ ಕೊಳ್ಳಲು ದುಡ್ಡಿಲ್ಲ. ಫೋನ್ ಇದ್ದರೆ ಡೇಟಾಕ್ಕೆ ದುಡ್ಡಿಲ್ಲ. ಎರಡೂ ಇದ್ದರೆ ಪರದೆ ಮೇಲಿನ ಭಾಷೆ ಬರುವುದಿಲ್ಲ. ಎಲ್ಲವೂ ಇದ್ದರೆ ಮನೆಯಲ್ಲಿ ಮುಟ್ಟಲು ಬಿಡುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಮಾತು ಅಡಗಿದೆ. ಮನೆಗೊಂದು ಫೋನ್ ಬಂದರೆ ಮನೆಯವರಿಗೆಲ್ಲ ನೆಟ್ ಬಂತು ಅನ್ನುವ ಎಣಿಕೆ. ಗ್ರಂಥಾಲಯಕ್ಕೆ ಬರುವವರಿಗೆ ನಾನು ಮೊದಲು ಕೇಳುವುದು ‘ಫೋನ್ ಇದೆಯಾ’ ಅಂತಲ್ಲ. ‘ಯಾರದು? ನಿಮ್ಮ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ?’ ಅಂತ. ದುಡಿಯುವ ಗಂಡಸು ಬೆಳಗ್ಗೆ ಜೇಬಿಗೆ ಹಾಕಿಕೊಂಡು ಹೊರಡುತ್ತಾನೆ. ಸಂಜೆ ಬಂದ ಮೇಲೆ ಅದು ಮಗನ ಕೈಗೆ ಹೋಗುತ್ತದೆ. ಮಗಳಿಗೆ ಸಿಗುವುದು ರಾತ್ರಿ, ಬ್ಯಾಟರಿ ಕೆಂಪಾದ ಮೇಲೆ. ತಾಯಿಗೆ ಕರೆ ಬಂದಾಗ ಮಾತ್ರ. ಸಮೀಕ್ಷೆಯವರು ಬಂದರೆ ಈ ಮನೆಯಲ್ಲಿ ‘ಇಂಟರ್ನೆಟ್ ಇದೆ’ ಅಂತ ಬರೆದುಕೊಂಡು ಹೋಗುತ್ತಾರೆ. ಸುಳ್ಳೇನಲ್ಲ. ಆದರೆ ಯಾರಿಗೆ ಅಂತ ಆ ಕಾಲಂನಲ್ಲಿ ಜಾಗ ಇಲ್ಲ.

ಫೋನಿಗೂ ಕಂಪ್ಯೂಟರಿಗೂ ಇರುವ ವ್ಯತ್ಯಾಸವನ್ನೂ ಹೇಳಬೇಕು. ವಿಡಿಯೊ ನೋಡಲು, ಸಂದೇಶ ಕಳಿಸಲು ಫೋನ್ ಸಾಕು. ಹತ್ತು ಪುಟದ ಪ್ರಾಜೆಕ್ಟ್ ಬರೆಯಲು, ಲೆಕ್ಕದ ಪಟ್ಟಿ ಮಾಡಲು, ಮೂರು ದಾಖಲೆ ಪಕ್ಕಪಕ್ಕ ಇಟ್ಟುಕೊಂಡು ಅರ್ಜಿ ತುಂಬಲು ಕೀಬೋರ್ಡು, ದೊಡ್ಡ ಪರದೆ ಬೇಕು. ಹೆಬ್ಬೆರಳಲ್ಲೇ ಇಡೀ ಪ್ರಬಂಧ ಟೈಪ್ ಮಾಡಿದ ಹುಡುಗರನ್ನು ನೋಡಿದ್ದೇನೆ. ಮಾಡುತ್ತಾರೆ, ಆದರೆ ಲ್ಯಾಪ್‌ಟಾಪ್ ಇರುವ ಸಹಪಾಠಿ ಎರಡು ಸಲ ತಿದ್ದಿ ಮುಗಿಸುವಷ್ಟರಲ್ಲಿ ಇವರದು ಮೊದಲ ಪುಟವೂ ಮುಗಿದಿರುವುದಿಲ್ಲ. ಇಬ್ಬರಿಗೂ ಅಂಕ ಕೊಡುವವರು ಒಬ್ಬರೇ.

ನೆಟ್ ಸಿಕ್ಕ ಮಾತ್ರಕ್ಕೆ ಅಂತರ ಹೋಗುವುದಿಲ್ಲ ಅಂತ ಎಸ್ತರ್ ಹರ್ಗಿಟೈ ಎಂಬ ಸಂಶೋಧಕಿ 2002ರಲ್ಲೇ ಹೇಳಿದ್ದರು. ಅವರು ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಇಂಥಿಂಥದ್ದನ್ನು ಹುಡುಕಿ ಅಂತ ಕೆಲಸ ಕೊಟ್ಟು, ಪಕ್ಕದಲ್ಲಿ ನೋಡುತ್ತಾ ಕೂತರು. ನೆಟ್ ಎಲ್ಲರಿಗೂ ಇತ್ತು. ಹುಡುಕುವ ಜಾಣ್ಮೆ ಮತ್ತು ಹಿಡಿದ ಸಮಯದಲ್ಲಿ ಮಾತ್ರ ಅಜಗಜಾಂತರ. ಸಂಪರ್ಕ ಸಿಕ್ಕಿದ ಮೇಲೂ ಉಳಿಯುವ ಈ ವ್ಯತ್ಯಾಸವನ್ನು ಅವರು ಎರಡನೇ ಹಂತದ ಅಂತರ ಎಂದು ಕರೆದರು. ಹಾಗಾಗಿ ಸ್ವಾಮಿ, ಮಾತು ಹಳೆಯದಿರಬಹುದು. ವಿಷಯ ಮುಗಿದಿಲ್ಲ.

ಪ್ರಶ್ನೆ: ನಾನು ಪದವಿ ಓದುತ್ತಿದ್ದೇನೆ. ಮನೆಯಲ್ಲಿ ಇರುವುದು ಅಣ್ಣನ ಫೋನ್ ಒಂದೇ. ಕೊಟ್ಟರೂ ಪಕ್ಕದಲ್ಲೇ ನಿಂತು ನೋಡುತ್ತಾನೆ. ಕೆಲಸಕ್ಕೆ ಅರ್ಜಿ ಹಾಕಿದರೆ ಓಟಿಪಿ ಅವನಿಗೇ ಹೋಗುತ್ತದೆ. ಏನು ಮಾಡಲಿ?
– ಹೆಸರು ಬೇಡ ಎಂದವರು

ಮಗಳೇ, ಮೊದಲು ನಿನ್ನದೇ ಒಂದು ನಂಬರ್ ಮಾಡಿಕೊ. ಓಟಿಪಿ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ ತಾನೆ? ಅದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. ಹಳೇ ಬಟನ್ ಫೋನ್ ಸಾಕು. ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ, ಅದರಲ್ಲಿ ನೋಡುವಂಥದ್ದು ಏನೂ ಇಲ್ಲವಲ್ಲ.

ಆಮೇಲೆ ಕಾಲೇಜಿನ ಅಥವಾ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತು, ಆ ನಂಬರ್ ಕೊಟ್ಟು ನಿನ್ನ ಹೆಸರಿನಲ್ಲಿ ಇಮೇಲ್ ತೆರೆ. ಅಣ್ಣನ ಫೋನಿನಲ್ಲಿ ಅದನ್ನು ಒಂದು ಸಲವೂ ತೆರೆಯಬೇಡ. ಗೂಗಲ್ ಖಾತೆಯಾದರೆ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ, ಹಾಕಿಕೊಂಡಾಗ 10 ಬ್ಯಾಕಪ್ ಕೋಡ್ ತೆಗೆದುಕೊಳ್ಳಬಹುದು. ಕಾಗದದಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಫೋನ್ ಕೈಯಲ್ಲಿ ಇಲ್ಲದ ದಿನ ಅದೇ ನಿನ್ನ ಬೀಗದ ಕೈ.

ಸಾರ್ವಜನಿಕ ಕಂಪ್ಯೂಟರಿನಲ್ಲಿ ಕೂತಾಗ ಬ್ರೌಸರಿನ ಪ್ರೈವೇಟ್ ವಿಂಡೊ (ಮುಚ್ಚಿದ ಮೇಲೆ ನೋಡಿದ ಪುಟಗಳ ಪಟ್ಟಿ ಉಳಿಸದ ಕಿಟಕಿ) ತೆರೆದುಕೊ. ಪಾಸ್‌ವರ್ಡ್ ಉಳಿಸಲೇ ಅಂತ ಅದು ಕೇಳಿದರೆ ಬೇಡ ಅನ್ನು. ಎದ್ದು ಹೋಗುವ ಮುಂಚೆ ಲಾಗ್‌ಔಟ್ ಮಾಡು, ಇಳಿಸಿಕೊಂಡ ಫೈಲುಗಳನ್ನು ಅಳಿಸು, ರೀಸೈಕಲ್ ಬಿನ್ ಕೂಡ ಖಾಲಿ ಮಾಡು. ಅದನ್ನು ಮರೆಯುವವರೇ ಜಾಸ್ತಿ. ನಾನು ಸಂಜೆ ಕಂಪ್ಯೂಟರ್ ಬಂದ್ ಮಾಡುವಾಗ ಯಾರದೋ ಅಂಕಪಟ್ಟಿ, ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು ಅಲ್ಲೇ ಬಿದ್ದಿರುತ್ತದೆ. ಓದುವ ಸಾಮಗ್ರಿಯನ್ನು ಪೆನ್‌ಡ್ರೈವಿಗೆ ಹಾಕಿಕೊ. ನೆಟ್ ಇರುವ ಹೊತ್ತನ್ನು ಇಳಿಸಿಕೊಳ್ಳಲು, ಕಳಿಸಲು ಬಳಸು. ಓದು ಆಮೇಲೆ.

ಅಣ್ಣ ಈ ಪತ್ರಿಕೆ ಓದುತ್ತಾನೋ ಇಲ್ಲವೋ ಗೊತ್ತಿಲ್ಲ. ಓದಿದರೆ ಒಂದು ಮಾತು: ಪಕ್ಕದಲ್ಲಿ ನಿಂತು ನೋಡುವಷ್ಟು ಬಿಡುವಿದ್ದರೆ, ಆ ಹೊತ್ತಿನಲ್ಲಿ ತಂಗಿಯ ಅರ್ಜಿಗೆ ಫೋಟೊದ ಸೈಜು ಕಮ್ಮಿ ಮಾಡಿಕೊಡಪ್ಪ.

ಪ್ರಶ್ನೆ: ನೆಟ್ ಇಲ್ಲದವರೇ ಪುಣ್ಯವಂತರು. ನೆಮ್ಮದಿಯಾಗಿದ್ದಾರೆ. ಹೌದೋ ಅಲ್ವೋ?
– ಒಬ್ಬ ಓದುಗರು

ಈ ಪ್ರಶ್ನೆ ನನಗೆ ಬಂದಿದ್ದು ಇಮೇಲಿನಲ್ಲಿ.

ಪ್ರಶ್ನೆ: ಇಂಟರ್ನೆಟ್ ಹಕ್ಕೋ, ಸೌಲಭ್ಯವೋ?
– ಕಾನೂನು ವಿದ್ಯಾರ್ಥಿ

ಫಿನ್ಲೆಂಡ್ 2010ರ ಜುಲೈನಿಂದ ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕವನ್ನು ಪ್ರತಿಯೊಬ್ಬರ ಕಾನೂನುಬದ್ಧ ಹಕ್ಕು ಮಾಡಿತು. ಈ ಕೆಲಸ ಮಾಡಿದ ಮೊದಲ ದೇಶ ಅದು. ನನ್ನ ಅಳತೆ ಸರಳ. ಫಲಿತಾಂಶ, ಪಿಂಚಣಿ, ಆಸ್ಪತ್ರೆಯ ಸರದಿ ಎಲ್ಲವನ್ನೂ ನೆಟ್‌ಗೆ ಹಾಕಿದ ಮೇಲೆ ನೆಟ್ ಅನ್ನು ಸೌಲಭ್ಯ ಅನ್ನುವಂತಿಲ್ಲ. ಹಾಗೆ ಅನ್ನಬೇಕಾದರೆ ಮೊದಲು ಅವನ್ನೆಲ್ಲ ಕಾಗದದಲ್ಲೂ ಕೊಡಿ.

ಪ್ರಶ್ನೆ: ನಮ್ಮ ಶಾಲೆಗೆ ದಾನಿಗಳಿಂದ ಒಂದಿಷ್ಟು ಹಣ ಬಂದಿದೆ. ಬಡ ಮಕ್ಕಳೇ ಹೆಚ್ಚು. ಎಲ್ಲರಿಗೂ ಒಂದೊಂದು ಟ್ಯಾಬ್ಲೆಟ್ ಕೊಡಿಸಿದರೆ ಅಂತರ ಹೋಗುತ್ತದೆ ಅಲ್ಲವೇ?
– ಮುಖ್ಯ ಶಿಕ್ಷಕರು

ಸಾರ್, ಹಣ ಕೊಡುವ ಮುಂಚೆ ಪೆರು ದೇಶದ ಕತೆ ಕೇಳಿ. 2005ರಲ್ಲಿ ನಿಕೊಲಸ್ ನೆಗ್ರೊಪಾಂಟೆ ಎಂಬವರು 100 ಡಾಲರಿನ ಲ್ಯಾಪ್‌ಟಾಪ್ ಮಾಡುತ್ತೇವೆ, ಜಗತ್ತಿನ ಪ್ರತಿ ಬಡ ಮಗುವಿಗೂ ಒಂದು ಅಂತ ಘೋಷಿಸಿದರು. ಮೊದಲ ಮಾದರಿಯಲ್ಲಿ ಕೈಯಿಂದ ತಿರುಗಿಸಿ ಕರೆಂಟ್ ಮಾಡಿಕೊಳ್ಳುವ ಹಿಡಿಕೆ ಇತ್ತು. ಮಕ್ಕಳ ಕೈಗೆ ಬಂದ ಯಂತ್ರದಲ್ಲಿ ಹಿಡಿಕೆಯೂ ಇರಲಿಲ್ಲ, 100 ಡಾಲರಿನ ಬೆಲೆಯೂ ಇರಲಿಲ್ಲ. ಪೆರು 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ ಅಲ್ಲಿನ 319 ಗ್ರಾಮೀಣ ಶಾಲೆಗಳ ಅಧ್ಯಯನ ಪ್ರಕಟಿಸಿತು. ಮಕ್ಕಳು ಕಂಪ್ಯೂಟರ್ ಬಳಸುವುದು ಬಹಳ ಹೆಚ್ಚಿತ್ತು. ಯೋಚನಾಶಕ್ತಿ ಅಳೆಯುವ ಪರೀಕ್ಷೆಗಳಲ್ಲಿ ಸ್ವಲ್ಪ ಲಾಭವೂ ಕಂಡಿತು. ಆದರೆ ಗಣಿತದಲ್ಲಿ, ಭಾಷೆಯಲ್ಲಿ ಸುಧಾರಣೆ ಕಾಣಲಿಲ್ಲ. ಆ ಶಾಲೆಗಳಲ್ಲಿ ಬಹುಪಾಲಿಗೆ ಇಂಟರ್ನೆಟ್ಟೇ ಇರಲಿಲ್ಲ ಅನ್ನುವುದನ್ನೂ ನೆನಪಿಡಿ.

ಟ್ಯಾಬ್ಲೆಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಲ್ಯಾಬ್ ನೋಡಿಕೊಂಡವಳಾಗಿ ಹೇಳುವುದಾದರೆ, ಯಂತ್ರ ಕೊಳ್ಳುವುದು ಎಲ್ಲಕ್ಕಿಂತ ಸುಲಭದ ಖರ್ಚು. ಅದಕ್ಕೆ ದಾನಿ ಸಿಗುತ್ತಾರೆ, ಫೋಟೊ ತೆಗೆಸಿಕೊಳ್ಳಬಹುದು. ಮುರಿದ ಪರದೆ ಬದಲಿಸಲು, ತಿಂಗಳ ನೆಟ್ ಬಿಲ್ ಕಟ್ಟಲು, ಶಾಲೆ ಬಿಟ್ಟ ಮೇಲೆ ಎರಡು ತಾಸು ಲ್ಯಾಬ್ ತೆರೆದಿಡುವವರಿಗೆ ಸಂಬಳ ಕೊಡಲು ಯಾವ ದಾನಿಯೂ ಬರುವುದಿಲ್ಲ. ನಿಮ್ಮ ಹಣದಲ್ಲಿ ಅರ್ಧವನ್ನು ಇದಕ್ಕೇ ಎತ್ತಿಡಿ. ಉಳಿದದ್ದರಲ್ಲಿ ಕೀಬೋರ್ಡ್ ಇರುವ ಯಂತ್ರಗಳನ್ನು ಕಡಿಮೆ ಸಂಖ್ಯೆಯಲ್ಲಿ ಕೊಳ್ಳಿ. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಗಟ್ಟಿ ದನಿಯ ನಾಲ್ಕು ಹುಡುಗರು ಮೌಸ್ ಹಿಡಿಯುತ್ತಾರೆ, ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಎಲ್ಲ ಬ್ಯಾಚಿನಲ್ಲೂ ಇದೇ.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಫೋನ್ ಓದಿ ಹೇಳುತ್ತದೆ. ಆದರೆ ಅನೇಕ ಅರ್ಜಿಗಳಲ್ಲಿ ಅದು ಸುಮ್ನೆ ‘ಬಟನ್, ಬಟನ್, ಚಿತ್ರ’ ಅನ್ನುತ್ತದೆ. ಸಲ್ಲಿಸುವುದು ಯಾವುದು, ರದ್ದು ಮಾಡುವುದು ಯಾವುದು ತಿಳಿಯುವುದಿಲ್ಲ. ತಪ್ಪು ಫೋನಿನದೋ ನನ್ನದೋ?
– ಒಬ್ಬ ಓದುಗರು

ಎರಡೂ ಅಲ್ಲ. ಆ ಪುಟ ಮಾಡಿದವರದು. ಪ್ರತಿ ಬಟನ್ನಿಗೂ ಚಿತ್ರಕ್ಕೂ ಒಳಗೆ ಒಂದು ಹೆಸರು ಬರೆದಿಡಬೇಕು. ಕಣ್ಣಿಗೆ ಕಾಣದ ಆ ಹೆಸರನ್ನೇ ನಿಮ್ಮ ಫೋನ್ ಓದುವುದು. ಬರೆಯಲು ಅರ್ಧ ನಿಮಿಷ ಸಾಕು. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಇದನ್ನು 1999ರಲ್ಲೇ ಮಾರ್ಗಸೂಚಿಯಲ್ಲಿ ಹೇಳಿದೆ. 2006ರಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯೂ ಇಂಟರ್ನೆಟ್ ಎಲ್ಲರಿಗೂ ಎಟುಕಬೇಕು ಅನ್ನುತ್ತದೆ. ನಿಯಮ ಹಳೆಯದು, ಸೋಮಾರಿತನವೂ ಹಳೆಯದು.

ಕಂಪ್ಯೂಟರ್ ಸಿಕ್ಕರೆ ಎನ್‌ವಿಡಿಎ ಹಾಕಿಸಿಕೊಂಡು ಒಮ್ಮೆ ಪ್ರಯತ್ನಿಸಿ. ಪರದೆ ಓದುವ ಈ ತಂತ್ರಾಂಶ ಪೂರ್ತಿ ಉಚಿತ. 2006ರಲ್ಲಿ ಇದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರ‍್ರನ್ ಅವರಿಗೂ ದೃಷ್ಟಿ ಇಲ್ಲ. ಕೆಲವು ಪುಟಗಳು ಫೋನಿಗಿಂತ ಕಂಪ್ಯೂಟರಿನಲ್ಲಿ ಚೆನ್ನಾಗಿ ಓದಿಸಿಕೊಳ್ಳುತ್ತವೆ. ಬಟನ್ನಿಗೆ ಹೆಸರೇ ಇಲ್ಲದಿದ್ದರೆ ಅದೂ ಸೋಲುತ್ತದೆ. ಆಗ ಆ ಇಲಾಖೆಗೆ ದೂರು ಬರೆಯಿರಿ. ‘ತೊಂದರೆ ಆಗುತ್ತಿದೆ’ ಅಂತ ಬರೆದರೆ ಯಾರೂ ಅಲ್ಲಾಡುವುದಿಲ್ಲ. ‘ಮೂರನೇ ಪುಟದ ಕೊನೆಯ ಎರಡು ಬಟನ್ನುಗಳಿಗೆ ಹೆಸರಿಲ್ಲ’ ಅಂತ ಬರೆಯಿರಿ. ಹಾಗೆ ಬರೆದಾಗ ಸರಿಪಡಿಸುವವರಿಗೆ ತಪ್ಪಿಸಿಕೊಳ್ಳುವುದು ಕಷ್ಟ.

ಪ್ರಶ್ನೆ: ನನಗೆ 74 ವರ್ಷ. ಎಲ್ಲಿ ಹೋದರೂ ‘ಆನ್‌ಲೈನ್‌ನಲ್ಲಿ ಮಾಡಿ ಅಜ್ಜ’ ಅನ್ನುತ್ತಾರೆ. ಮೊಮ್ಮಗನನ್ನು ಎಷ್ಟು ಸಲ ಕೇಳುವುದು? ನಾನೇ ಕಲಿಯಬೇಕೋ, ಅವರೇ ಕೌಂಟರ್ ತೆರೆಯಬೇಕೋ?
– ನಿವೃತ್ತರು

ಎರಡೂ ಆಗಬೇಕು. ಆದರೆ ಕೌಂಟರ್ ಮೊದಲು. ಡೆನ್ಮಾರ್ಕ್ ನೋಡಿ. ಸರ್ಕಾರದ ಪತ್ರಗಳೆಲ್ಲ ಡಿಜಿಟಲ್ ಅಂಚೆಯಲ್ಲೇ ಬರುತ್ತವೆ ಅಂತ 2014ರ ನವೆಂಬರಿನಲ್ಲಿ ಕಡ್ಡಾಯ ಮಾಡಿದ ದೇಶ. ಅಲ್ಲಿ ಕೂಡ ನನ್ನ ಕೈಲಿ ಆಗುವುದಿಲ್ಲ ಅನ್ನುವವರಿಗೆ ವಿನಾಯಿತಿ ಇದೆ, ಅವರಿಗೆ ಕಾಗದವೇ ಬರುತ್ತದೆ. ಅಷ್ಟು ಮುಂದೆ ಹೋದವರೇ ಕಾಗದ ಉಳಿಸಿಕೊಂಡಿದ್ದಾರೆ ಅಂದರೆ ಉಳಿದವರಿಗೆ ಏನು ಅಡ್ಡಿ?

ಕಲಿಯುವ ಮನಸ್ಸಿದ್ದರೆ ಒಂದೇ ಕೆಲಸ ಆರಿಸಿಕೊಳ್ಳಿ. ಪಿಂಚಣಿಯ ವಿವರ ನೋಡುವುದು ಅಂತಿಟ್ಟುಕೊಳ್ಳೋಣ. ಮೊಮ್ಮಗ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಲಿ, ಬೆರಳು ನಿಮ್ಮದೇ ಇರಲಿ. ಅವನು ಫೋನ್ ಕಸಿದುಕೊಂಡು ‘ಆಯ್ತು ತಾತ’ ಅಂದರೆ ನೀವು ಏನೂ ಕಲಿಯಲಿಲ್ಲ ಅಂತಲೇ ಲೆಕ್ಕ. ಪ್ರತಿ ಹೆಜ್ಜೆಯನ್ನೂ ನಿಮ್ಮ ಅಕ್ಷರದಲ್ಲೇ ಬರೆದುಕೊಳ್ಳಿ. ಹೊರಗಿನವರ ಹತ್ತಿರ ಸಹಾಯ ಕೇಳಿದಾಗ ಓಟಿಪಿ ಬಾಯಿಬಿಟ್ಟು ಹೇಳಬೇಡಿ, ನೀವೇ ಒತ್ತಿ. ‘ಬೇಗ ಹೇಳಿ ಅಜ್ಜ, ಟೈಮ್ ಮುಗಿಯುತ್ತೆ’ ಅಂದರೆ ಮುಗಿಯಲಿ ಬಿಡಿ. ಇನ್ನೊಂದು ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆ. ಯಾವುದಾದರೂ ಮಗುವಿಗೆ ಕೊಡಬೇಕು. ಹೇಗೆ ಕೊಡಲಿ?
– ಗೃಹಿಣಿ

ಒಳ್ಳೆಯ ಯೋಚನೆ. ಮೊದಲು ನಿಮ್ಮ ಫೋಟೊ, ದಾಖಲೆ ಎಲ್ಲ ತೆಗೆದಿಟ್ಟುಕೊಂಡು ಡಿಸ್ಕ್ ಪೂರ್ತಿ ಅಳಿಸಿ. ಅದರಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಯಂತ್ರಕ್ಕೆ ವಿಂಡೋಸ್ 11 ಹಿಡಿಸದೆ ಇರಬಹುದು. ಗೊತ್ತಿದ್ದವರಿಂದ ವಿಂಡೋಸ್ ಬದಲು ನಡೆಯುವ ಹಗುರವಾದ ಲಿನಕ್ಸ್ ಹಾಕಿಸಿ, ಕನ್ನಡ ಟೈಪಿಂಗ್ ಸೇರಿಸಿ ಕೊಡಿ. ಆ ಮಗುವಿನ ಮನೆಯಲ್ಲಿ ನೆಟ್ ಇಲ್ಲದಿದ್ದರೆ ಪಠ್ಯಪುಸ್ತಕಗಳ ಪಿಡಿಎಫ್ ಒಳಗೇ ತುಂಬಿಸಿ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಚೀಟಿ ಅಂಟಿಸಿ.

ಹಾಂ, ಚಾರ್ಜರ್ ಕೊಡುವುದನ್ನು ಮರೆಯಬೇಡಿ. ಚಾರ್ಜರ್ ಇಲ್ಲದ ದಾನದ ಲ್ಯಾಪ್‌ಟಾಪುಗಳು ನಮ್ಮ ಗ್ರಂಥಾಲಯದಲ್ಲಿ ಈಗಾಗಲೇ ಒಂದು ಕಪಾಟು ತುಂಬ ಇವೆ.