ಓದುಗರ ಪ್ರಶ್ನೆ: ವಿಜಯಪುರದಲ್ಲಿ ಎಲ್ಲಿ ಇಳಿದುಕೊಳ್ಳಬೇಕು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಕುಟುಂಬಸಮೇತ ವಿಜಯಪುರಕ್ಕೆ ಬಂದು ಎರಡು ರಾತ್ರಿ ಉಳಿಯುವ ವಿಚಾರವಿದೆ. ಮೊಬೈಲಿನಲ್ಲಿ ಹುಡುಕಿದಾಗ ಒಂದು ಹೋಟೆಲಿನವರು ‘ಗುಮ್ಮಟ ಕಾಣುವ ಕೋಣೆ’ ಎಂದು ಹೇಳಿ, ಉಳಿದ ಕೋಣೆಗಳಿಗಿಂತ ಎಂಟುನೂರು ರೂಪಾಯಿ ಹೆಚ್ಚು ಕೇಳುತ್ತಿದ್ದಾರೆ. ಕೊಡಬಹುದೇ? ಸ್ಟೇಷನ್ ರಸ್ತೆ ಅನುಕೂಲವೋ, ಗಾಂಧಿ ಚೌಕದ ಕಡೆಯೋ? ಜೊತೆಗೆ ವಯಸ್ಸಾದ ತಾಯಿಯೂ ಇರುತ್ತಾರೆ. (ದಾವಣಗೆರೆಯ ಓದುಗರು)

ಉತ್ತರ: ಹೆಚ್ಚಿನ ಹಣ ಕೊಡಬೇಡಿ. ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟ ಈ ಊರಿನ ಎಷ್ಟೋ ಮನೆಗಳ ಮಾಳಿಗೆಯಿಂದ ಪುಕ್ಕಟೆಯಾಗಿ ಕಾಣುತ್ತದೆ; ಸಾಧಾರಣ ಲಾಡ್ಜಿನ ತಾರಸಿಗೆ ಹತ್ತಿದರೂ ಕಂಡೀತು. ಇನ್ನು ‘ಗುಮ್ಮಟದ ಪಕ್ಕದಲ್ಲೇ’ ಎನ್ನುವ ಜಾಹೀರಾತನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಆದ್ದರಿಂದ ಹೋಟೆಲಿನವರಿಗೆ ಫೋನ್ ಮಾಡಿ ‘ಗುಮ್ಮಟದ ಗೇಟಿಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕು’ ಎಂದು ನೇರವಾಗಿ ಕೇಳಿ.

ಇಳಿದುಕೊಳ್ಳುವ ಜಾಗವನ್ನು ಕಿಟಕಿಯ ನೋಟದಿಂದಲ್ಲ, ನೋಡುವ ಕ್ರಮದಿಂದ ಆರಿಸುವುದು ಒಳ್ಳೆಯದು. ಗೋಳಗುಮ್ಮಟ ಊರಿನ ಪೂರ್ವ ತುದಿಯಲ್ಲಿ, ರೈಲು ನಿಲ್ದಾಣದ ಬದಿಗಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಗೋರಿಯಾದ ಇಬ್ರಾಹಿಂ ರೋಜಾ ಪಶ್ಚಿಮದ ಕೋಟೆಗೋಡೆಯ ಆಚೆಗಿದೆ. ಇವೆರಡರ ನಡುವಿನ ನಾಲ್ಕೈದು ಕಿಲೋಮೀಟರಿನಲ್ಲಿ ಜಾಮಿಯಾ ಮಸೀದಿ, ಗಗನ ಮಹಲ್, ಎರಡನೆಯ ಅಲಿ ಆದಿಲ್‌ಶಾಹನ ಅರ್ಧಕ್ಕೆ ನಿಂತ ಗೋರಿಯಾದ ಬಾರಾ ಕಮಾನ್, ಉಪ್ಪಲಿ ಬುರುಜು ಮತ್ತು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಎಲ್ಲವೂ ಬಂದುಬಿಡುತ್ತವೆ. ಗಾಂಧಿ ಚೌಕದ ಕಡೆ ಉಳಿದರೆ ಎರಡೂ ತುದಿಗಳು ಹೆಚ್ಚುಕಡಿಮೆ ಸಮದೂರವಾಗುತ್ತವೆ, ಊಟಕ್ಕೆ ಖಾನಾವಳಿಗಳೂ ಹತ್ತಿರ; ಆದರೆ ಪೇಟೆಯ ಗದ್ದಲವನ್ನು ತಡೆದುಕೊಳ್ಳಬೇಕು. ಆದರೂ ನಿಮಗೆ ನಾನು ಸ್ಟೇಷನ್ ರಸ್ತೆಯನ್ನೇ ಹೇಳುತ್ತೇನೆ, ಮತ್ತು ಅದಕ್ಕೆ ಒಂದೇ ಕಾರಣವಿದೆ. ಗುಮ್ಮಟದೊಳಗಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ, ಕಾಗದ ಹರಿದ ಸದ್ದು ಕೂಡ. ಆದರೆ ಡಿಸೆಂಬರ್ ಶಾಲಾ ಪ್ರವಾಸಗಳ ಕಾಲ. ಬೆಳಿಗ್ಗೆ ಒಂಬತ್ತು ದಾಟಿತೆಂದರೆ ನಾಲ್ಕಾರು ಬಸ್ಸಿನ ಮಕ್ಕಳು ಒಟ್ಟಿಗೆ ಕೂಗುತ್ತಿರುತ್ತಾರೆ, ಒಂದು ಕೂಗು ಹಲವು ಬಾರಿ ಮರುದನಿಸುವ ಆ ಕಟ್ಟಡದಲ್ಲಿ ಆಮೇಲೆ ಯಾರ ಪಿಸುಮಾತೂ ಯಾರಿಗೂ ಕೇಳಿಸದು. (ಮಕ್ಕಳನ್ನು ಬೈಯಲಾಗದು, ಅವರು ಬಂದದ್ದೇ ಕೂಗಲಿಕ್ಕೆ.) ಬಾಗಿಲು ತೆರೆಯುತ್ತಲೇ ಒಳಗಿರಬೇಕಾದರೆ ನಡೆದು ಹೋಗುವಷ್ಟು ಹತ್ತಿರ ಉಳಿಯುವುದೇ ಸರಿ.

ತಾಯಿಯವರ ಬಗ್ಗೆ ಮೊದಲೇ ಯೋಚಿಸಿಡಿ. ಮೊಗಸಾಲೆಗೆ ಹೋಗಲು ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ, ಮಬ್ಬುಗತ್ತಲಿನ ಮೆಟ್ಟಿಲುಗಳೇ ದಾರಿ, ಲಿಫ್ಟ್ ಇಲ್ಲ. ಮೊಣಕಾಲು ನೋವಿರುವವರು ಕೆಳಗಿನ ವಿಶಾಲ ಸಭಾಂಗಣವನ್ನು, ಅಂಗಳದ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡುವುದು ಮೇಲು. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಇಬ್ರಾಹಿಂ ರೋಜಾವನ್ನು ಮಾತ್ರ ಅವರಿಗೆ ತಪ್ಪದೆ ತೋರಿಸಿ: ಗೋಡೆಗಳ ಮೇಲಿನ ಅಕ್ಷರಶಿಲ್ಪದ ಕುಸುರಿ ಕಣ್ಣಿನ ಮಟ್ಟದಲ್ಲೇ ಇದೆ, ಸಂಜೆಯ ಓರೆಬಿಸಿಲಿನಲ್ಲಿ ಅದರ ಗೆರೆಗೆರೆಯೂ ಎದ್ದು ಕಾಣುತ್ತದೆ. ಕೋಣೆಯನ್ನು ಕೆಳ ಅಂತಸ್ತಿನಲ್ಲೇ ಕೇಳಿ. ಬಿಸಿನೀರು ಯಾವ ಹೊತ್ತಿಗೆ ಎಂಬುದನ್ನೂ ಕೇಳಿಕೊಳ್ಳಿ. ಸೋಲಾರ್ ನಂಬಿದ ಹಲವು ಲಾಡ್ಜುಗಳಲ್ಲಿ ಅದು ಬೆಳಿಗ್ಗೆ ಎರಡು-ಮೂರು ತಾಸು ಮಾತ್ರ ಬರುತ್ತದೆ, ಇಲ್ಲಿನ ಡಿಸೆಂಬರ್ ಚಳಿಗೆ ತಣ್ಣೀರು ಹಿರಿಯರಿಗೆ ಆಗದು.

ಪ್ರಶ್ನೆ: ಬೆಂಗಳೂರಿನಿಂದ ರಾತ್ರಿ ಹೊರಟು ನಸುಕಿನಲ್ಲಿ ವಿಜಯಪುರ ತಲುಪುತ್ತೇವೆ. ಹೋಟೆಲಿನವರು ಮಧ್ಯಾಹ್ನ ಹನ್ನೆರಡರ ಮೇಲೆಯೇ ಕೋಣೆ ಎನ್ನುತ್ತಾರೆ. ಏನು ಮಾಡುವುದು? (ತುಮಕೂರಿನ ಓದುಗರು)

ಉತ್ತರ: ನಮ್ಮ ಕಡೆಯ ಹಳೆಯ ಲಾಡ್ಜುಗಳಲ್ಲಿ ಇಂದಿಗೂ ‘24 ತಾಸಿನ’ ಲೆಕ್ಕ ಉಳಿದಿದೆ: ಬೆಳಿಗ್ಗೆ ಆರಕ್ಕೆ ಬೀಗದ ಕೈ ಪಡೆದರೆ ಮರುದಿನ ಆರಕ್ಕೆ ಒಪ್ಪಿಸಿದರಾಯಿತು. ರಾತ್ರಿ ಪ್ರಯಾಣ ಮಾಡಿ ಬರುವವರಿಗೆ ಹೊಳೆಯುವ ಗಾಜಿನ ಮುಂಭಾಗಕ್ಕಿಂತ ಈ ಪದ್ಧತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಹನ್ನೆರಡರ ನಿಯಮವಿರುವ ಹೋಟೆಲಿನಲ್ಲೇ ಉಳಿಯುವುದಾದರೆ, ಬೇಗ ಕೋಣೆ ಕೊಡಲು ಎಷ್ಟು ಹೆಚ್ಚುವರಿ, ಇಲ್ಲವಾದರೆ ಸಾಮಾನು ಇಟ್ಟು ಮುಖ ತೊಳೆದುಕೊಳ್ಳಲು ಜಾಗವಿದೆಯೇ ಎಂದು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಸಾಮಾನು ಇಟ್ಟವರು ನೇರವಾಗಿ ಗುಮ್ಮಟಕ್ಕೆ ನಡೆದರೆ ನಸುಕಿನ ಹೊತ್ತು ವ್ಯರ್ಥವಾಗದು.

ಪ್ರಶ್ನೆ: ಎರಡು ಸಾವಿರದ ಕೋಣೆ ಎಂದವರು ಬಿಲ್ಲಿನಲ್ಲಿ ತೆರಿಗೆ, ಸೇವಾ ಶುಲ್ಕ ಎಂದು ಸೇರಿಸುತ್ತಾರೆ. ಆಧಾರ್ ಪ್ರತಿಯನ್ನೂ ಒತ್ತಾಯಿಸಿ ಪಡೆಯುತ್ತಾರೆ. ಇದು ಸರಿಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ತೆರಿಗೆ ಸರಿ, ಸೇವಾ ಶುಲ್ಕ ಹಾಗಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಎರಡು ಸಾವಿರಕ್ಕೆ ನೂರು ರೂಪಾಯಿಯಾಯಿತು. ಈಗಲೂ ಹಳೆಯ ಶೇ 12 ಹಾಕಿದ್ದರೆ ಪ್ರಶ್ನಿಸಿ. ಊಟದ ಬಿಲ್ಲಿಗೆ ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಗುರುತಿನ ದಾಖಲೆ ಕೇಳುವುದು ಅವರ ಕೆಲಸ, ಆದರೆ ಚಾಲನಾ ಪರವಾನಗಿ ಅಥವಾ ಮತದಾರರ ಚೀಟಿಯನ್ನೂ ತೋರಿಸಬಹುದು. ಆಧಾರ್ ಕೊಡುವುದೇ ಆದರೆ ಮೊದಲ ಎಂಟು ಅಂಕಿ ಮರೆಯಾಗಿರುವ ಪ್ರತಿಯನ್ನು ಕೊಡಿ.

ಪ್ರಶ್ನೆ: ವಿಜಯಪುರದಲ್ಲೇ ಉಳಿದು ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಿ ಬರಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಬರಬಹುದು, ಆದರೆ ದಿನದ ಬಹುಪಾಲು ರಸ್ತೆಯಲ್ಲೇ ಕಳೆಯುತ್ತದೆ. ಆ ಮೂರಕ್ಕೂ ಬಾದಾಮಿಯಲ್ಲೇ ಒಂದು ರಾತ್ರಿ ಉಳಿಯಿರಿ. ವಿಜಯಪುರದ ಕೋಣೆಯಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದದ್ದು ಬಸವನ ಬಾಗೇವಾಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಬರುವುದಾದರೆ ಸಿದ್ಧೇಶ್ವರ ಜಾತ್ರೆಯ ಜನ ಕೋಣೆಗಳನ್ನು ತುಂಬಿರುತ್ತಾರೆ. ಮುಂಗಡ ಕಟ್ಟದೆ ಹೊರಡಬೇಡಿ.